ಸಿಪಾಯಿ ಕೊಟ್ಟಡಿಯ ಮೂರನೆಯ ಎಲೆ

ಹೊರಡುವ ಮುನ್ನ

ನಾನು ಊರಿಗೆ ಮರಳಿ ಹದಿನೈದು ದಿನವಾಯಿತು. ಕಂಡಕಂಡವರೆಲ್ಲ, ಅಷ್ಟು ದೂರ ಹೋಗಿ ಏನು ನೋಡಿಕೊಂಡು ಬಂದಿರಿ ಮೇಷ್ಟ್ರೇ ಎಂದು ಕೇಳುತ್ತಾರೆ. ನೋಡಿದ್ದಕ್ಕಿಂತ ಉಂಡದ್ದೇ ದೊಡ್ಡದಾಯಿತು ಎಂದರೆ ನಗುತ್ತಾರೆ. ನನ್ನ ಹೊಟ್ಟೆಯ ಸುತ್ತಳತೆ ಬಲ್ಲವರು ಇರಬಹುದೆಂದು ತಲೆದೂಗುತ್ತಾರೆ. ಆದರೆ ನಾನು ಹೇಳುವುದು ನಿಜ. ಆ ಸೀಮೆಯಲ್ಲಿ ಒಂದು ಎಲೆಯ ಊಟ ಉಂಡೆ, ಅದನ್ನು ಅರಗಿಸಿಕೊಳ್ಳಲು ಒಂಬತ್ತು ದಿನ ಹಿಡಿಯಿತು. ಅದನ್ನೇ ಇಲ್ಲಿ ಬರೆಯುತ್ತೇನೆ.

ನಾನು ಚನ್ನಪಟ್ಟಣದ ಶಾಲೆಯಲ್ಲಿ ಚರಿತ್ರೆ ಪಾಠ ಹೇಳುವವನು. ಒಕ್ಕಲು ಮನೆತನದಲ್ಲಿ ಹುಟ್ಟಿ, ನೇಗಿಲಿಗೆ ಹೆದರಿ ಪುಸ್ತಕ ಹಿಡಿದವನು. ತರಗತಿಯಲ್ಲಿ ಕಾಳಗದ ಪಾಠ ಬಂತೆಂದರೆ ನನ್ನ ದನಿ ಎರಡು ಬೀದಿ ಆಚೆಗೆ ಕೇಳುತ್ತದೆ. ಬೆತ್ತವನ್ನು ಕತ್ತಿಯ ಹಾಗೆ ಬೀಸಿ ಒಮ್ಮೆ ಶಾಲೆಯ ಗಡಿಯಾರ ಒಡೆದದ್ದೂ ಉಂಟು. ಮನೆಯಲ್ಲಿ ಜಿರಳೆ ಹಾರಿದರೆ ಮಂಚ ಹತ್ತುವುದೂ ಉಂಟು. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯನ್ನು ನನ್ನ ಹೆಂಡತಿ ನಂಜಮ್ಮ ವಾರಕ್ಕೊಮ್ಮೆಯಾದರೂ ಉಪಯೋಗಿಸುತ್ತಾಳೆ.

ಹೋದ ಬೇಸಿಗೆಯಲ್ಲಿ ಎತ್ತು ಕೊಳ್ಳಲು ತೆಂಕಣ ಸೀಮೆಯಿಂದ ಬಂದಿದ್ದ ಗೌಡನೊಬ್ಬ ನಮ್ಮ ಜಗಲಿಯಲ್ಲಿ ಎರಡು ದಿನ ಇಳಿದುಕೊಂಡಿದ್ದ. ಮಧುರೆಯ ಆಚೆ, ಮಲೆಯ ಬುಡದಲ್ಲಿ, ಕಂಬಂ ಕಣಿವೆಯಲ್ಲಿ ಅವನ ಊರು, ಕೊಂಬೈ. ಅವನ ಹಿರಿಯರು ಯಾವ ಕಾಲದಲ್ಲೋ ನಮ್ಮ ಕಡೆಯಿಂದ ಹೋದವರಂತೆ; ಇನ್ನೂ ಮನೆಯಲ್ಲಿ ಕನ್ನಡ ಮಾತಾಡುತ್ತಾರಂತೆ. ಕುಲ, ಬೆಡಗು ವಿಚಾರಿಸಿದಾಗ ನಾವಿಬ್ಬರೂ ಹೇಗೋ ನೆಂಟರೇ ಆದೆವು. ಅವನು ಹೋಗುವಾಗ ಒಂದು ಮಾತು ಹೇಳಿದ. ಕಣಿವೆಯಿಂದ ಮದರಾಸಿನ ಪಲ್ಟಣಿಗಳಿಗೆ ಸೇರಿ ಚೀನ, ಬರ್ಮಾ ಎಂದು ಹೋಗಿ ಕಾದಿದವರ ಅಂಗಿ, ಟೊಪ್ಪಿ, ಕತ್ತಿಗಳನ್ನೆಲ್ಲ ಅವನ ಊರಿನಲ್ಲಿ ಒಂದೇ ಕೋಣೆಯಲ್ಲಿ ಇಟ್ಟಿದ್ದಾರೆ, ಸಿಪಾಯಿ ಕೊಟ್ಟಡಿ ಎಂದು ಅದಕ್ಕೆ ಹೆಸರು, ನೋಡಬೇಕಾದದ್ದು ಎಂದ.

ಇಂಥ ಕಡೆ ಹೋಗಿ ಬಂದು ಪತ್ರಿಕೆಗೆ ‘ದಕ್ಷಿಣದಲ್ಲಿ ಕನ್ನಡಿಗರ ಶೌರ್ಯ’ ಎಂದು ಬರೆದರೆ ನನ್ನ ಕೀರ್ತಿ ಎಲ್ಲಿಗೆ ಮುಟ್ಟೀತೆಂದು ನಾನು ಎಣಿಸಿದೆ. ಮೊದಲು ಮುಟ್ಟಿದ್ದು ನಂಜಮ್ಮನಿಗೆ. ನಾನು ಗೊತ್ತುಮಾಡಿಕೊಂಡ ವಾರದಲ್ಲೇ ಭೀಮನ ಅಮಾವಾಸ್ಯೆ ಇತ್ತು. ಆ ದಿನ ಗಂಡ ಮನೆಯಲ್ಲಿದ್ದು ಪಾದ ತೊಳೆಸಿಕೊಳ್ಳಬೇಕಾದವನು ಪರದೇಶ ತಿರುಗುತ್ತಾನಂತೆ ಎಂದು ಅವಳು ಮೂರು ದಿನ ಗೋಡೆಯೊಡನೆ ಮಾತಾಡಿದಳು. ಕೊನೆಗೆ ಬುತ್ತಿ ಮಾತ್ರ ಕಟ್ಟಿಕೊಟ್ಟಳು. ಚಕ್ಕುಲಿ, ಕೋಡುಬಳೆ, ಹುರಿಹಿಟ್ಟು, ಒಂದು ಭರಣಿ ಉಪ್ಪಿನಕಾಯಿ. ನಾಲ್ಕು ದಿನಕ್ಕೆ ಧಾರಾಳ ಸಾಕಾಗುವಷ್ಟಿತ್ತು.

ಅಮ್ಮಯನಾಯಕನೂರು

ಬೆಂಗಳೂರು, ಈರೋಡು, ತಿರುಚಿನಾಪಳ್ಳಿ ಎಂದು ಗಾಡಿ ಬದಲಿಸುತ್ತ ಬಂದವನಿಗೆ ದಿಂಡಿಗಲ್ಲಿನ ಬಂಡೆ ಕಂಡಾಗ ಎದೆಯುಬ್ಬಿತು. ಊರಿನ ನೆತ್ತಿಯ ಮೇಲೆ ಬೋಳು ಬಂಡೆ, ಅದರ ಮೇಲೆ ಕೋಟೆ. ಒಂದು ಕಾಲಕ್ಕೆ ನಮ್ಮ ಮೈಸೂರಿನ ದಂಡು ಇಳಿದಿದ್ದ ಕೋಟೆ ಅದು. ಡಬ್ಬಿಯಲ್ಲಿ ಕೂತಿದ್ದ ಏಳೆಂಟು ಜನರಿಗೆ ನಾನು ಆ ವಿಷಯವನ್ನು ಕನ್ನಡದಲ್ಲೂ, ಮುರುಕು ತಮಿಳಿನಲ್ಲೂ, ಕೈಸನ್ನೆಯಲ್ಲೂ ತಿಳಿಸಿದೆ. ಅವರು ಎಲೆಯಡಿಕೆ ಜಗಿಯುತ್ತ ಕೇಳಿದರು. ಉಪನ್ಯಾಸ ಮುಗಿಯುವ ಹೊತ್ತಿಗೆ ನಾನಿಳಿಯಬೇಕಾದ ಅಮ್ಮಯನಾಯಕನೂರು ಬಂದು ಗಾಡಿ ಹೊರಡುವುದರಲ್ಲಿತ್ತು. ಛತ್ರಿ ಹಿಡಿದು ಹಾರಿದೆ. ಬುತ್ತಿಯ ಗಂಟು ಮಾತ್ರ ಮಧುರೆಗೆ ಹೋಯಿತು. ಆ ಏಳೆಂಟು ಜನ ನಮ್ಮ ಶೌರ್ಯದ ಕತೆಯನ್ನು ಮರೆತಿರಬಹುದು, ನಂಜಮ್ಮನ ಕೋಡುಬಳೆಯನ್ನು ಮರೆತಿರಲಾರರು.

ಅಲ್ಲಿಂದ ಎತ್ತಿನ ಗಾಡಿ. ಗಾಡಿಯವನು ಕಡಿಮೆ ಮಾತಿನವನು. ಹಸಿವಾಗಿದೆ ಎಂದು ನಾನು ಹೊಟ್ಟೆ ಮುಟ್ಟಿ ತೋರಿಸಿದರೆ, ಅವನು ಎತ್ತುಗಳ ಹೊಟ್ಟೆ ಮುಟ್ಟಿ ತೋರಿಸಿ, ಮೊದಲು ಇವಕ್ಕೆ ಎಂದು ತಮಿಳಿನಲ್ಲಿ ಹೇಳಿದ. ನ್ಯಾಯವಾಗಿಯೇ ಇತ್ತು.

ತೇನಿ

ತೇನಿಯಲ್ಲಿ ನಮ್ಮ ಗಾಡಿಯ ಚಕ್ರದ ಕಡಾಣಿ ಮುರಿಯಿತು. ನಾಲ್ಕು ಮನೆ, ಒಂದು ಹುಣಿಸೆ ತೋಪು, ದಾರಿ ಕವಲೊಡೆಯುವ ಜಾಗ, ಅಷ್ಟೇ ಊರು. ಮಲೆಯ ಮೇಲೆ ನದಿಗೆ ಕಟ್ಟೆ ಕಟ್ಟುತ್ತಿರುವ ಕೆಲಸಕ್ಕೆ ಸಾಮಾನು ಹೊತ್ತ ಗಾಡಿಗಳು ಸಾಲುಸಾಲಾಗಿ ಹೋಗುತ್ತಿದ್ದವು. ಹಿಂತಿರುಗಿ ಬರುವ ಗಾಡಿಗಳಲ್ಲಿ ಚಳಿಜ್ವರ ಹಿಡಿದ ಕೂಲಿಗಳು ಕಂಬಳಿ ಹೊದ್ದು ಮಲಗಿದ್ದರು. ಆ ತಿಂಗಳ ಗಾಳಿಯ ವಿಷಯ ಕೇಳಿದ್ದೆ. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂದು ಆ ಕಡೆಯ ಗಾದೆಯಂತೆ. ಕಲ್ಲು ಹಾರಿದ್ದನ್ನು ನಾನು ಕಾಣಲಿಲ್ಲ. ನನ್ನ ಜರಿಪೇಟ ಹಾರಿ, ಹುಣಿಸೆ ಮರದ ತುದಿಗೆ ಸಿಕ್ಕಿಕೊಂಡಿತು. ಗಾಡಿಯವನು ಕಡಾಣಿ ಬಿಟ್ಟು ಮರ ಹತ್ತಿ ಅದನ್ನು ತಂದುಕೊಟ್ಟ. ಬರುವಾಗ ಅದರ ಅರ್ಧ ಮಾತ್ರ ಬಂತು.

ಆ ದಿನ ಹೊಟ್ಟೆಗೆ ಬಿದ್ದದ್ದು ಒಂದು ಎಳನೀರು, ಒಂದು ಹಿಡಿ ಹುರಿಗಡಲೆ. ಮಾರನೆಯ ದಿನ ಉತ್ತಮಪಾಳ್ಯ ದಾಟುವವರೆಗೆ ಅದೂ ಇಲ್ಲ. ಸುತ್ತ ಹಸಿರು ಗದ್ದೆ, ತೆಂಗು, ಎರಡೂ ಕಡೆ ಗೋಡೆ ಎದ್ದ ಹಾಗೆ ನೀಲಿ ಮಲೆ. ಹೊಟ್ಟೆ ತುಂಬಿದ ಪ್ರವಾಸಿಯಾಗಿದ್ದರೆ ಅದನ್ನು ಎರಡು ಪುಟ ವರ್ಣಿಸುತ್ತಿದ್ದೆ. ನಾನು ಗದ್ದೆಯನ್ನು ಅನ್ನವಾಗಿಯೂ ತೆಂಗನ್ನು ಚಟ್ನಿಯಾಗಿಯೂ ನೋಡುತ್ತ ಬಂದೆ.

ಕೊಂಬೈ

ಕೊಂಬೈಯಲ್ಲಿ ನನ್ನನ್ನು ಮೊದಲು ಎದುರುಗೊಂಡದ್ದು ನಾಯಿ. ಆ ಊರಿನ ನಾಯಿಗಳು ದೂರದೂರಕ್ಕೆ ಹೆಸರಾದವು. ಕೆಂಪು ಮೈ, ಕಪ್ಪು ಮೂತಿ, ಬೊಗಳುವ ದುಂದುಗಾರಿಕೆ ಇಲ್ಲ. ಗಾಡಿಯಿಂದ ಒಂದು ಕಾಲು ಕೆಳಗಿಟ್ಟೆ, ಅದು ಬಂದು ನನ್ನ ಮುಂದೆ ಸುಮ್ಮನೆ ನಿಂತಿತು. ಕಾಲನ್ನು ಮೇಲಕ್ಕೆ ತೆಗೆದುಕೊಂಡೆ, ಅದು ಕೂತಿತು. ಹೀಗೆ ಮೂರು ಸಲವಾಯಿತು. ಕೊನೆಗೆ ಒಬ್ಬ ಮುದುಕಿ ಬಂದು ಅದನ್ನು ಗದರಿ, ಯಾವೂರಪ್ಪ ಎಂದು ಕೇಳಿದಳು. ನಾನು ನನ್ನ ಶಾಲೆಯ ಕನ್ನಡದಲ್ಲಿ, ಮೈಸೂರು ಸೀಮೆಯಿಂದ ತಮ್ಮ ಗ್ರಾಮವನ್ನು ಸಂದರ್ಶಿಸಲು ಆಗಮಿಸಿದ್ದೇನೆ ಎಂದೆ. ಅವಳು ಕರುಣೆಯಿಂದ ನನ್ನ ಮುಖ ನೋಡಿದಳು.

“ಪಾವ, ಅಷ್ಟು ದೂರ ಹೋಗಿ ಇದ್ದು ಮಾತೇ ಕೆಟ್ಟೋಯ್ತಲ್ಲಪ್ಪ ನಿಮ್ದು,” ಎಂದಳು.

ಕನ್ನಡ ನಾಡಿನಿಂದ ಇವರು ದೂರ ಹೋದರೆಂದು ನಾನು ತಿಳಿದುಕೊಂಡಿದ್ದೆ. ಅವಳ ಲೆಕ್ಕದಲ್ಲಿ ಕನ್ನಡ ಇದ್ದದ್ದು ಕೊಂಬೈಯಲ್ಲಿ, ದೂರ ಹೋದವರು ನಾವು. ಪೇಟದ ಅರ್ಧ ಆಗಲೇ ಹೋಗಿತ್ತು, ಉಳಿದರ್ಧವನ್ನೂ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡೆ.

ನಮ್ಮ ಜಗಲಿಯಲ್ಲಿ ಇಳಿದಿದ್ದ ಗೌಡ ಕಂಬಂ ಸಂತೆಗೆ ಹೋಗಿದ್ದ. ಅದರಿಂದ ನನ್ನನ್ನು ಕೊಟ್ಟಡಿಯ ಯಜಮಾನರಲ್ಲಿಗೇ ಕರೆದೊಯ್ದರು. ಅವರು ಜಮೇದಾರ್ ರಂಗಪ್ಪಗೌಡರು, ಪಲ್ಟಣಿಯಿಂದ ಬಿಡುಗಡೆಯಾಗಿ ಬಂದು ತಮ್ಮ ಮನೆಯ ಮುಂಭಾಗವನ್ನೇ ಸಿಪಾಯಿಗಳ ಸಾಮಾನಿಗೆ ಬಿಟ್ಟುಕೊಟ್ಟವರು. ಎಪ್ಪತ್ತರ ಮುದುಕರು, ಬೆನ್ನು ಮಾತ್ರ ಇಪ್ಪತ್ತರದು. ನನ್ನನ್ನು ಕಂಡು ಸಲಾಮು ಹೊಡೆದರು. ನಾನು ಗಾಬರಿಯಲ್ಲಿ ತಿರುಗಿ ಹೊಡೆಯಲು ಹೋಗಿ ಛತ್ರಿಯ ಹಿಡಿಯನ್ನು ಸ್ವಂತ ಹಣೆಗೆ ಹೊಡೆದುಕೊಂಡೆ.

ಬೆಂಗಳೂರಿನ ವಸ್ತು ಸಂಗ್ರಹಾಲಯವನ್ನು ನೋಡಿದವನು ನಾನು. ಅಲ್ಲಿ ಎಲ್ಲವೂ ಗಾಜಿನೊಳಗೆ, ಎಲ್ಲಕ್ಕೂ ಚೀಟಿ, ಮುಟ್ಟಿದರೆ ಜವಾನ ಗದರುತ್ತಾನೆ. ಇಲ್ಲಿ ಗಾಜಿಲ್ಲ, ಚೀಟಿಯಿಲ್ಲ. ಉದ್ದನೆಯ ಕೋಣೆ, ಗೋಡೆಯ ತುಂಬ ಮರದ ಗೂಟ, ಗೂಟಕ್ಕೊಂದು ಸಾಮಾನು. ನುಸಿ ತಿಂದ ಕೆಂಪಂಗಿಗಳು. ಒಂಟಿ ಬೂಟು. ಚೀನದಿಂದ ಬಂದ ಕಾಗದದ ಕೊಡೆ. ಬರ್ಮಾದ ಕಂಚಿನ ಜಾಗಟೆ. ಒಂದು ಮರದ ಕಾಲು. ಬಾಗಿಲ ಹತ್ತಿರ, ಎಲ್ಲಕ್ಕಿಂತ ಹೊಳೆಯುವ ಹಿತ್ತಾಳೆ ಬಿಲ್ಲೆಯ ಒಂದು ಸೊಂಟಪಟ್ಟಿ. ಪ್ರತಿಯೊಂದಕ್ಕೂ ಎಣ್ಣೆ ಉಜ್ಜಿ ಕುಂಕುಮ ಇಟ್ಟಿದ್ದರು. ಯಾವುದು ಯಾರದೆಂಬುದು ಜಮೇದಾರರಿಗೆ ಬಾಯಿಪಾಠ. ನಾನು ಪುಸ್ತಕ ತೆಗೆದು ಬರೆಯತೊಡಗಿದೆ. ಆದರೆ ಹಿಂದಿನ ಪಡಸಾಲೆಯಿಂದ ಕೋಳಿ ಸಾರಿನ ವಾಸನೆ ಬರುತ್ತಿತ್ತು. ಮೂರನೆಯ ಕೆಂಪಂಗಿಯ ವೀರನ ಚರಿತ್ರೆಯಲ್ಲಿ ನಾನು ಎರಡು ಸಲ ‘ಸಾರು’ ಎಂದು ಬರೆದದ್ದು ಆಮೇಲೆ ಕಂಡಿತು.

ಇನ್ನಿಬ್ಬರನ್ನು ಕರೆತರುತ್ತೇನೆ, ಕೂತಿರಿ ಎಂದು ಜಮೇದಾರರು ಬಾವಿಯ ಕಡೆ ಹೋದರು. ನಾನು ಹಿಂದಿನ ಪಡಸಾಲೆಗೆ ಇಣುಕಿದೆ. ಮೂರು ಬಾಳೆಯೆಲೆ, ಮೂರಕ್ಕೂ ಬಡಿಸಿಟ್ಟಿದೆ. ಸಾಮೆ ಅನ್ನ, ಕೋಳಿ ಸಾರು, ಹುರುಳಿ ಪಲ್ಯ, ಬೆಲ್ಲದ ಪಾಯಸ. ಒಂದು ಹೆಂಗಸು ನನಗೆ ಬೆನ್ನು ಮಾಡಿ ಅಡುಗೆಮನೆಯೊಳಗೆ ಹೋಗುತ್ತಿದ್ದಳು. ಕೊನೆಯ ಎಲೆಯ ಮುಂದೆ ಮಾತ್ರ ಹೂ ಮುಡಿಸಿದ ಹಿತ್ತಾಳೆ ಚೊಂಬಿನಲ್ಲಿ ನೀರು. ದೂರದಿಂದ ಬಂದ ನೆಂಟನಿಗೆ ಎಂಥ ಮರ್ಯಾದೆ ಎಂದು ನನ್ನ ಕಣ್ಣು ತುಂಬಿತು. ಹೋಗಿ ಕೂತೆ. ಉಳಿದವರು ಬರಲೆಂದು ಕಾದೆ, ನಾಲ್ಕು ಉಸಿರಿನಷ್ಟು. ಅತಿಥಿ ಮೊದಲು ಉಣ್ಣುವುದು ಈ ಕಡೆಯ ಪದ್ಧತಿ ಇರಬಹುದೆಂದು ನಾನೇ ಒಂದು ಪದ್ಧತಿ ಹುಟ್ಟಿಸಿಕೊಂಡೆ. ಚೊಂಬಿನ ಹೂ ತೆಗೆದಿಟ್ಟು ನೀರು ಕುಡಿದೆ. ಆಮೇಲೆ ನಾನು ತಲೆಯೆತ್ತಿದ್ದು ಎಲೆಯ ಹಸಿರು ಕಂಡಾಗಲೇ.

ಬಾಗಿಲಲ್ಲಿ ಜಮೇದಾರರು, ಅವರ ಹಿಂದೆ ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಇಬ್ಬರು ಮುದುಕರು, ಅಡುಗೆಮನೆಯ ಹೊಸ್ತಿಲಲ್ಲಿ ಆ ಹೆಂಗಸು, ಎಲ್ಲರೂ ನಿಂತಿದ್ದರು. ನನ್ನ ಮೇಲಿನ ಗೌರವಕ್ಕೆ ಸುಮ್ಮನಿದ್ದಾರೆಂದು ಬಗೆದು, ಪಾಯಸ ಬಹಳ ಸೊಗಸಾಗಿದೆ ಎಂದೆ.

ಉಂಡ ಮೇಲೆ

ಕೈ ತೊಳೆದ ಮೇಲೆ ಜಮೇದಾರರು ನನ್ನನ್ನು ಕೂಡಿಸಿಕೊಂಡು ಹೇಳಿದರು. ಒಂದು ಮಾತನ್ನೂ ಜೋರಾಗಿ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಸತ್ತವನ ಸಾಮಾನು ಕೊಟ್ಟಡಿಯ ಗೂಟಕ್ಕೆ ಸುಮ್ಮನೆ ಏರುವುದಿಲ್ಲ. ಪಲ್ಟಣಿಯ ಕಾಗದ ತಂದು ತೋರಿಸಿದರೂ ಏರುವುದಿಲ್ಲ. ಸತ್ತವನ ಮನೆಯವರು ಅಡುಗೆ ಮಾಡಿ ಮೂರು ಎಲೆ ಹಾಕಬೇಕು. ಅವನ ಜೊತೆಗೆ ಊರಿನಿಂದ ಹೊರಟವನು ಒಂದು ಎಲೆಗೆ, ಅವನ ಜೊತೆಗೆ ದಂಡಿನಲ್ಲಿ ನಡೆದವನು ಇನ್ನೊಂದಕ್ಕೆ, ಕೊನೆಯಲ್ಲಿ ಅವನನ್ನು ಕಂಡವನು ಮೂರನೆಯದಕ್ಕೆ ಕೂತು ಉಣ್ಣಬೇಕು. ಬೆನ್ನು ತೋರಿಸಿ ಓಡಿದವನ ಮನೆಯ ಅನ್ನವನ್ನು ಜೊತೆಗಾರ ಮುಟ್ಟುವುದಿಲ್ಲ. ಮೂವರೂ ಉಂಡರೆ ಅದೇ ಸಾಕ್ಷಿ. ಆಗ ಸಾಮಾನು ಗೂಟಕ್ಕೆ ಏರುತ್ತದೆ.

ಆ ಹೆಂಗಸಿನ ಹೆಸರು ಮಲ್ಲಕ್ಕ. ಅವಳ ಗಂಡ ಬರ್ಮಾಕ್ಕೆ ಹೋದವನು ತಿರುಗಿ ಬರಲಿಲ್ಲ. ದೇಹ ಸಿಗಲಿಲ್ಲ. ಕಾಡಿನೊಳಗೆ ಓಡಿಹೋಗಿ ಅಲ್ಲೇ ಯಾವಳನ್ನೋ ಕಟ್ಟಿಕೊಂಡಿದ್ದಾನೆಂದು ಊರಿನಲ್ಲಿ ಮಾತಾಯಿತು. ಬಂದದ್ದು ಅವನ ಚೊಂಬು ಮಾತ್ರ, ನಾನು ಕುಡಿದ ಆ ಚೊಂಬು. ಎಂಟು ವರ್ಷದಿಂದ ಪ್ರತಿ ಆಡಿ ಅಮಾವಾಸ್ಯೆಗೆ, ಎಂದರೆ ನಮ್ಮ ಭೀಮನ ಅಮಾವಾಸ್ಯೆಗೆ, ಅವಳು ಮೂರು ಎಲೆ ಹಾಕುತ್ತಾಳೆ. ಒದ್ದೆ ಪಂಚೆಯ ಇಬ್ಬರು ಮುದುಕರು ಬಂದು ಉಣ್ಣುತ್ತಾರೆ. ಮೂರನೆಯ ಎಲೆಗೆ ಬರಬೇಕಾದವನು ಕಾಳಪ್ಪ. ಕೊನೆಯಲ್ಲಿ ಜೊತೆಗಿದ್ದವನು ಅವನೊಬ್ಬನೇ. ಅವನು ದಂಡಿನಿಂದ ಬಂದವನೇ ಊರು ಬಿಟ್ಟು ದಿಂಡಿಗಲ್ಲಿಗೆ ಹೋಗಿ ಕೂತಿದ್ದಾನೆ, ಎಷ್ಟು ಹೇಳಿಕಳಿಸಿದರೂ ಬರುವುದಿಲ್ಲ. ಅವನು ಬಾರದಿದ್ದದ್ದೇ ಊರಿಗೆ ಉತ್ತರವಾಯಿತು. ಬಾವಿಕಟ್ಟೆಯಲ್ಲಿ ಮಲ್ಲಕ್ಕನ ಮನೆಯನ್ನು ಓಡಿದವನ ಮನೆ ಎನ್ನುತ್ತಾರೆ. ಪ್ರತಿ ವರ್ಷ ಮೂರನೆಯ ಎಲೆ ಹಸುವಿಗೆ ಹೋಗುತ್ತದೆ.

ಈ ವರ್ಷ ನನಗೆ ಹೋಯಿತು. ಹಸುವಾಗಿದ್ದರೆ ಕೇಡಿರಲಿಲ್ಲ, ಅದು ಸಾಕ್ಷಿಯಾಗುವುದಿಲ್ಲ. ಮನುಷ್ಯನೊಬ್ಬ ಆ ಎಲೆಯಲ್ಲಿ ಉಂಡಮೇಲೆ, ಅವನನ್ನು ಕೊನೆಯಲ್ಲಿ ಕಂಡೆನೆಂದು ಹೇಳಿದ ಹಾಗೇ ಆಯಿತು. ಸುಳ್ಳು ಸಾಕ್ಷಿ ಬಿದ್ದ ಎಲೆಯನ್ನು, ನಿಜವಾದ ಸಾಕ್ಷಿಯ ಮಾತು ಬರುವವರೆಗೆ, ಆ ಮನೆಯವರು ಮತ್ತೆ ಹಾಕುವಂತಿಲ್ಲ. ನಾನು ಒಂದು ಹೊತ್ತಿನ ಹಸಿವಿಗೆ ಆ ಹೆಂಗಸಿನ ಎಂಟು ವರ್ಷದ ಕಾಯುವಿಕೆಯನ್ನು ಅನ್ನದ ಜೊತೆ ಕಲಸಿ ಉಂಡಿದ್ದೆ. ನಾಚಿಕೆಯೆಂದರೆ ಏನೆಂದು ನನಗೆ ಆವತ್ತು ತಿಳಿಯಿತು. ಮುದುಕರಲ್ಲೊಬ್ಬರು ನನ್ನನ್ನು ಬೈಯಲು ಬಾಯಿ ತೆರೆದರು. ಮಲ್ಲಕ್ಕ ಹೊಸ್ತಿಲಿಂದಲೇ ತಡೆದಳು.

“ಬಿಡಿ ಮಾಮಾ. ಪಸಿದು ಬಂದವ್ರು, ಉಂಡವ್ರೆ. ಎಂಟು ವರುಸಕ್ಕೆ ಆ ಎಲೆನಾಗ ಒಂದು ಮನುಸ ಉಂಡ.”

ಅದನ್ನು ಕೇಳಿ ನಾನು ಅತ್ತೆ. ನಲವತ್ತರ ಗಂಡಸು, ಚರಿತ್ರೆಯ ಉಪಾಧ್ಯಾಯ, ಹೊಟ್ಟೆ ತುಂಬ ಉಂಡು ಕೂತು ಅಳುತ್ತಿದ್ದೆ. ಜಮೇದಾರರು ಅದು ಮುಗಿಯುವವರೆಗೆ ಕಾದು, ಒಂದೇ ದಾರಿ ಇದೆ ಎಂದರು. ಮೇಷ್ಟ್ರನ್ನು ಆ ಕಡೆ ವಾತ್ಯಾರ್ ಎನ್ನುತ್ತಾರೆ.

“ವಾತ್ಯಾರೇ, ಉಂಡ ಎಲೆ ಸುಮ್ಮನಿರಬಾರ್ದು. ಕಾಳಪ್ಪನ್ನ ಕೇಳ್ಕೊಂಡು ಬನ್ನಿ. ಅವ ನಿಂದ್ನಾ, ಓಡಿದ್ನಾ. ಏನ್ ಸೊಲ್ಲಿದ್ರೂ ಸರಿ, ಬಂದು ಇಲ್ಲಿ ಹೇಳ್ಬೇಕು.”

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ನನ್ನ ವಿಷಯದಲ್ಲಿ ಉಂಡದ್ದನ್ನು ಮಾಡಬೇಕಾಗಿ ಬಂತು. ಮರುದಿನ ಬೆಳಗ್ಗೆ ಅದೇ ಗಾಡಿಯಲ್ಲಿ ಹೊರಟೆ. ಮಲ್ಲಕ್ಕ ದಾರಿಗೆಂದು ಬುತ್ತಿ ಕಟ್ಟಿಕೊಟ್ಟಿದ್ದಳು. ಅದನ್ನು ಬಿಚ್ಚಲು ನನಗೆ ಮಧ್ಯಾಹ್ನದವರೆಗೆ ಧೈರ್ಯ ಬರಲಿಲ್ಲ.

ದಿಂಡಿಗಲ್

ಈ ಸಲ ಆ ಬಂಡೆಯನ್ನು ಕಂಡು ನನಗೆ ಎದೆಯುಬ್ಬಲಿಲ್ಲ. ಊರೆಲ್ಲ ಹೊಗೆಸೊಪ್ಪಿನ ಘಾಟು. ಹಸು ಸೀನುವುದನ್ನು ನಾನು ಜೀವಮಾನದಲ್ಲಿ ಮೊದಲು ಕಂಡದ್ದು ಅಲ್ಲಿ. ಚುಟ್ಟಾ ಸುತ್ತುವ ಕಾರ್ಖಾನೆಯ ಉಗ್ರಾಣವೊಂದಕ್ಕೆ ಕಾಳಪ್ಪ ಕಾವಲುಗಾರನೆಂದು ವಿಚಾರಿಸಿ ಹೋದೆ. ದಾರಿಯುದ್ದಕ್ಕೂ ಒಂದು ಭಾಷಣ ಕಟ್ಟಿಕೊಂಡಿದ್ದೆ. ಸತ್ಯ, ಧರ್ಮ, ಜೊತೆಗಾರನ ಋಣ ಎಂದು ಅದರಲ್ಲಿ ಎಲ್ಲವೂ ಇತ್ತು. ಉಗ್ರಾಣದ ಬಾಗಿಲಲ್ಲಿ ಮೊದಲ ವಾಕ್ಯಕ್ಕೆ ಉಸಿರು ಎಳೆದುಕೊಂಡೆ. ಘಾಟು ಮೂಗಿಗೆ ಹೊಡೆದು ಹದಿನೇಳು ಸಲ ಸೀನಿದೆ. ಅಷ್ಟರಲ್ಲಿ ಭಾಷಣ ಎಲ್ಲಿಗೋ ಹೋಗಿತ್ತು.

ಬಾಗಿಲಲ್ಲಿ ಕೂತಿದ್ದವನು ಐವತ್ತರ ಆಸುಪಾಸಿನ, ಎತ್ತರದ, ಒಂದು ಕಾಲು ಎಳೆದು ನಡೆಯುವ ಮನುಷ್ಯ. ಅವನೇ ಕಾಳಪ್ಪ. ನನಗೆ ನೀರು ಕೊಟ್ಟ. ಕೊಂಬೈಯಿಂದ ಬಂದೆನೆಂದ ಕೂಡಲೇ ಮುಖ ಬೇರೆಯಾಯಿತು. ಅವರು ಕಳಿಸಿದವರೇ ಆದರೆ ತಿರುಗಿ ಹೋಗಿ, ನಾನು ಬರುವುದಿಲ್ಲ ಎಂದ. ಯಾರೂ ಕಳಿಸಲಿಲ್ಲ, ನನ್ನ ಹೊಟ್ಟೆಬಾಕತನ ಕಳಿಸಿತು ಎಂದು ನಾನು ನಡೆದದ್ದನ್ನೆಲ್ಲ ಹೇಳಿದೆ. ಬುತ್ತಿ ಮಧುರೆಗೆ ಹೋದದ್ದು, ಸಾರಿನ ವಾಸನೆ, ಪಾಯಸವನ್ನು ಹೊಗಳಿದ್ದು, ಒಂದನ್ನೂ ಬಿಡಲಿಲ್ಲ. ಅವನು ಒಂದು ಕಡೆ ನಕ್ಕೂ ಬಿಟ್ಟ. ಚೊಂಬಿನ ನೀರು ಕುಡಿದೆ ಎಂದಾಗ ನಗು ನಿಂತಿತು.

“ಆ ಚೊಂಬ್ನಾಗ ನೀರು ಕುಡ್ದಿರಾ?” ಎಂದ. ತಾನು ಕೊಟ್ಟಿದ್ದ ನೀರಿನ ಪಾತ್ರೆಯನ್ನು ನನ್ನ ಕೈಯಿಂದ ತೆಗೆದಿಟ್ಟು, “ಅದ್ರಾಗ ನೀರು ತರೋಕ್ ಹೋದವ ನಾನು. ಆ ನೀರು ಯಾರ್ಗೂ ಸೇರ್ಲಿಲ್ಲ,” ಎಂದ.

ಆಮೇಲೆ ಅವನು ಹೇಳಿದ್ದು ಇದು. ಬರ್ಮಾದ ಕಾಡಿನಲ್ಲಿ, ಒಂದು ಹೊಳೆಯ ಹತ್ತಿರ, ಜ್ವರ ಬಂದ ಮೂವರು ಸಿಪಾಯಿಗಳನ್ನು ಬಿದಿರ ಗುಡಿಸಲಿನಲ್ಲಿ ಬಿಟ್ಟು ದಂಡು ಮುಂದೆ ಹೋಗಿತ್ತು. ಕಾವಲಿಗೆ ಇವರಿಬ್ಬರು, ಕಾಳಪ್ಪ ಮತ್ತು ಮಲ್ಲಕ್ಕನ ಗಂಡ. ಬೆಳಗಿನ ಹೊತ್ತು, ರೋಗಿಗಳು ನೀರು ಕೇಳಿದರು. ಮಲ್ಲಕ್ಕನ ಗಂಡ ತನ್ನ ಚೊಂಬನ್ನು ಕೊಟ್ಟ, ಕಾಳಪ್ಪ ಹೊಳೆಗೆ ಹೋದ. ಚೊಂಬು ತುಂಬುತ್ತಿರುವಾಗಲೇ ಗುಂಡಿನ ಸದ್ದಾಯಿತು. ತಿರುಗಿ ನೋಡಿದರೆ ಗುಡಿಸಲಿನ ಸುತ್ತ ಜನ. ಬಾಗಿಲಿಗೆ ಅಡ್ಡಲಾಗಿ ಮಲ್ಲಕ್ಕನ ಗಂಡ ಒಬ್ಬನೇ ನಿಂತು ಗುಂಡು ಹಾರಿಸುತ್ತಿದ್ದ. ಅವನಿಗೂ ಕಾಳಪ್ಪ ಕಂಡ. ಕರೆಯಲಿಲ್ಲ. ಕರೆದಿದ್ದರೆ ಹೋಗುತ್ತಿದ್ದೆನೋ ಏನೋ ಎಂದ ಕಾಳಪ್ಪ.

“ನಾ ಓಡ್ಬುಟ್ಟೆ ವಾತ್ಯಾರೇ. ಅವ ನಿಂದ.”

ಚೊಂಬು ಕೈಯಲ್ಲಿರುವುದೂ ತಿಳಿಯದ ಹಾಗೆ ಓಡಿದನಂತೆ. ಓಡುವಾಗ ಬಿದಿರಿನ ಗೂಟ ಕಾಲಿಗೆ ಹೊಕ್ಕಿತು. ಮಧ್ಯಾಹ್ನ ದಂಡಿನ ಜೊತೆ ತಿರುಗಿ ಬಂದಾಗ ಗುಡಿಸಲಿದ್ದ ಕಡೆ ಬೂದಿ. 'ನೀನು ಎಲ್ಲಿದ್ದೆ' ಎಂದು ಯಾರೂ ಕೇಳಲಿಲ್ಲ. ಕಾಲಿನ ರಕ್ತ ನೋಡಿ ಕಾದಿದವನೆಂದೇ ತಿಳಿದರು. ಊರಿಗೆ ಬಂದರೆ ಜಮೇದಾರರು, ಬದುಕಿ ಬಂದವನಿಗೆ ಎಲೆ ಬೇಡ, ಗಾಯವೇ ಸಾಕ್ಷಿ ಎಂದು ಅವನ ಸೊಂಟಪಟ್ಟಿಯನ್ನು ಕೇಳಿ ತೆಗೆದುಕೊಂಡು ಬಾಗಿಲ ಹತ್ತಿರದ ಗೂಟಕ್ಕೆ ಏರಿಸಿದರು. ಚೊಂಬು ಅಲ್ಲಿ ಬಿದ್ದಿತ್ತು, ಎತ್ತಿಕೊಂಡು ಬಂದೆ ಎಂದು ಸುಳ್ಳು ಹೇಳಿ ಮಲ್ಲಕ್ಕನ ಕೈಯಲ್ಲಿಟ್ಟ. ಅವಳ ಗಂಡ ನಿಂತನೆಂದು ಹೇಳಿದರೆ, ನೀನೆಲ್ಲಿಂದ ನೋಡಿದೆ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಹೆದರಿ ಎಂಟು ವರ್ಷ ಆ ಎಲೆಗೆ ಬೆನ್ನು ಹಾಕಿದ. ಎರಡನೆಯ ಸಲ ಓಡಿದ್ದು ಅದು ಎಂದು ಅವನೇ ಹೇಳಿದ.

ಜಿರಳೆಗೆ ಮಂಚ ಹತ್ತುವ ನಾನು ಬರ್ಮಾದ ಹೊಳೆಯಲ್ಲಿ ಚೊಂಬು ಹಿಡಿದು ನಿಂತಿದ್ದರೆ ಇವನಿಗಿಂತ ಮೊದಲೇ ಓಡಿರುತ್ತಿದ್ದೆ. ಅದನ್ನೇ ಹೇಳಿದೆ. ನಿಮ್ಮ ಮಾತನ್ನು ನಾನು ಬರೆದುಕೊಂಡು ಹೋಗಿ ಓದುತ್ತೇನೆ, ನೀವು ಬರಬೇಕಾಗಿಲ್ಲ ಎಂದೂ ಹೇಳಿದೆ. ಅವನು ಉಗ್ರಾಣದ ಬೀಗದ ಕೈಯನ್ನು ಒಳಗಿದ್ದ ಮೇಸ್ತ್ರಿಗೆ ಕೊಟ್ಟು ಬಂದ. ಹೆಗಲ ಮೇಲೆ ಒಂದು ಅಂಗವಸ್ತ್ರ, ಅಷ್ಟೇ ಸಾಮಾನು.

“ಇನ್ನೊಬ್ಬ ಉಂಡ ಅನ್ನ ಸಾಕು. ನಾನೇ ಬತ್ತೀನಿ,” ಎಂದ.

ಮತ್ತೆ ಕೊಂಬೈ

ಈ ದಾರಿಯನ್ನು ಹತ್ತು ದಿನದಲ್ಲಿ ಮೂರನೆಯ ಸಲ ಹಾಯುತ್ತಿದ್ದೆ. ರಜೆ ಮುಗಿದು ಎರಡು ದಿನವಾಗಿತ್ತು. ಶಾಲೆಗೆ ತಂತಿ ಕೊಡೋಣವೆಂದರೆ, ತಪ್ಪಿ ಒಂದು ಊಟ ಮಾಡಿದ್ದರಿಂದ ತಡವಾಗಿದೆ ಎಂದು ಹೇಗೆ ಕೊಡುವುದು. ಕಾಳಪ್ಪ ತೇನಿ ದಾಟಿದ ಮೇಲೆ ಗಾಡಿಯಿಂದಿಳಿದು ನಡೆಯತೊಡಗಿದ. ಕಾಲು ನೋಯುವುದಿಲ್ಲವೇ ಎಂದೆ. ನೋಯಲಿ ಎಂದ. ನಾನೂ ಇಳಿದು ನಡೆದೆ, ಅರ್ಧ ಮೈಲಿ.

ಅಮಾವಾಸ್ಯೆ ಕಳೆದು ಹೋಗಿತ್ತಲ್ಲ ಎಂದು ನನಗೆ ಅಳುಕಿತ್ತು. ಸಾಕ್ಷಿ ಬಂದ ದಿನವೇ ಅಮಾವಾಸ್ಯೆ ಎಂದರು ಜಮೇದಾರರು. ಮಲ್ಲಕ್ಕ ಕಾಳಪ್ಪನನ್ನು ಕಂಡು ಏನೂ ಕೇಳಲಿಲ್ಲ, ನೇರ ಒಲೆ ಹಚ್ಚಲು ಹೋದಳು. ಸುದ್ದಿ ತಿಳಿದು ಬೀದಿಯ ಜನವೆಲ್ಲ ಬಂದು ಬಾಗಿಲಾಚೆ ನಿಂತರು. ಅವಳ ಮನೆಗೆ ಬಾವಿಕಟ್ಟೆಯಲ್ಲಿ ಹೆಸರಿಟ್ಟವರೂ ಅವರಲ್ಲಿ ಇದ್ದಿರಬೇಕು.

ಮೂರು ಎಲೆ ಹಾಕಿದರು. ಇಬ್ಬರು ಮುದುಕರು ಕೂತರು. ಕಾಳಪ್ಪ ಕೂರಲಿಲ್ಲ. ಕೊಟ್ಟಡಿಗೆ ಹೋಗಿ, ಬಾಗಿಲ ಹತ್ತಿರದ ಗೂಟದಿಂದ ಆ ಹೊಳೆಯುವ ಸೊಂಟಪಟ್ಟಿಯನ್ನು ತೆಗೆದು ತಂದು ಜಮೇದಾರರ ಮುಂದಿಟ್ಟ. ನಿಂತುಕೊಂಡೇ, ನನಗೆ ದಿಂಡಿಗಲ್ಲಿನಲ್ಲಿ ಹೇಳಿದ್ದನ್ನೆಲ್ಲ ಎಲ್ಲರ ಮುಂದೆ ಹೇಳಿದ. ತನಗೆ ಅನುಕೂಲವಾಗುವ ಒಂದು ಮಾತನ್ನೂ ಸೇರಿಸಲಿಲ್ಲ. ಮಲ್ಲಕ್ಕ ಕಂಬಕ್ಕೆ ಒರಗಿ ಕೇಳುತ್ತಿದ್ದಳು. ಚೊಂಬು ಕೈಯಲ್ಲಿಟ್ಟುಕೊಂಡೇ ಓಡಿದೆ ಎಂದಾಗ ಅವಳು ಎಲೆಯ ಮುಂದಿನ ಚೊಂಬನ್ನು ನೋಡಿದಳು, ಅವನನ್ನಲ್ಲ.

ಜಮೇದಾರರು ಆ ಪಟ್ಟಿಯ ಬಿಲ್ಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಎಂಟು ವರ್ಷ ದಿನವೂ ತಾವೇ ಉಜ್ಜಿ ಹೊಳೆಯಿಸಿದ್ದ ಬಿಲ್ಲೆ ಅದು. ಆಮೇಲೆ ಕಷ್ಟದಿಂದ ಒಂದು ಮಾತು ಹೇಳಿದರು. ಓಡಿದವನ ಮನೆಯ ಅನ್ನ ಹೇಗೆ ಸಲ್ಲದೋ, ಓಡಿದವನು ಉಂಡ ಸಾಕ್ಷಿಯೂ ಹಾಗೆಯೇ ಸಲ್ಲುವುದಿಲ್ಲ. ಅದು ಕೊಟ್ಟಡಿಯ ಕಟ್ಟಳೆ. ಕಾಳಪ್ಪ ಸತ್ಯ ಹೇಳಿದ್ದರಿಂದಲೇ ಮೂರನೆಯ ಎಲೆಗೆ ಕೂರುವ ಹಕ್ಕು ಹೋಯಿತು. ಬೇರೆ ಕಂಡವನು ಯಾರೂ ಇಲ್ಲ. ಇಷ್ಟು ದೂರ ಅವನನ್ನು ಕರೆತಂದು, ಆ ಹೆಂಗಸಿನ ಕೊನೆಯ ಆಸೆಯನ್ನೂ ನಾನೇ ಮುಗಿಸಿದೆನೆಂದುಕೊಂಡೆ. ಕಾಳಪ್ಪ ತಲೆ ತಗ್ಗಿಸಿ ಹೊರಡಲು ತಿರುಗಿದ.

ಆಗ ಮಲ್ಲಕ್ಕ ಕಂಬ ಬಿಟ್ಟು ಬಂದು ಮೂರನೆಯ ಎಲೆಗೆ ಅನ್ನ ಬಡಿಸತೊಡಗಿದಳು.

“ಮಾಮಾ, ಮುಂದಕ್ಕೆ ಓಡಿದವ ತಿರುಗಿ ನೋಡಿದ್ರೆ ತಾನೆ ಗೊತ್ತಾಗೋದು, ಹಿಂದೆ ನಿಂದವ ಯಾರು ಅಂದು. ಜೊತೆಗೆ ನಿಂದಿದ್ರೆ ಇವನೂ ಬೂದಿ. ನಂಗ ಯಾರು ಬಂದು ಸೊಲ್ತಿದ್ರು?” ಎಂದಳು. ಕಾಳಪ್ಪನ ಕಡೆ ತಿರುಗಿ, “ಕುಂತ್ಕೊ ಅಣ್ಣ. ಉಣ್ಣು,” ಎಂದಳು.

ಎಲ್ಲರೂ ಜಮೇದಾರರನ್ನು ನೋಡಿದರು. ಅವರು ಸೊಂಟಪಟ್ಟಿಯನ್ನು ಮಡಿಸಿ ಪಕ್ಕದ ಪೆಟ್ಟಿಗೆಯೊಳಗಿಟ್ಟು ಮುಚ್ಚಿದರು. ಗೂಟಕ್ಕೆ ಏರಿಸಲೂ ಇಲ್ಲ, ಎಸೆಯಲೂ ಇಲ್ಲ. ಆಮೇಲೆ ಕೈಯಿಂದ ಎಲೆಯನ್ನು ತೋರಿಸಿದರು.

ಕಾಳಪ್ಪ ಉಂಡ. ಅಷ್ಟು ಕಷ್ಟಪಟ್ಟು ಉಣ್ಣುವವರನ್ನು ನಾನು ಎಂದೂ ಕಂಡಿಲ್ಲ. ಅದೇ ಎಲೆಯಲ್ಲಿ ತಲೆಯೆತ್ತದೆ ಉಂಡಿದ್ದ ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವನು ಎಲೆ ಮಡಿಸಿದಾಗ ಒಂದಗುಳೂ ಉಳಿದಿರಲಿಲ್ಲ.

ಚೊಂಬಿಗೆ ಎಣ್ಣೆ ಉಜ್ಜಿ, ಕುಂಕುಮ ಇಟ್ಟು, ಅದರ ಕೊರಳಿಗೆ ಹುರಿ ಕಟ್ಟಿ ಜಮೇದಾರರು ಬರಿದಾದ ಗೂಟದ ಹತ್ತಿರ ಹಿಡಿದು ನಿಂತರು. ಏರಿಸುವಾಗ ಅವನ ಹೆಸರನ್ನು ಮನೆಯವರೇ ಹೇಳಬೇಕಂತೆ. ಮಗನಿದ್ದರೆ ಮಗ, ಇಲ್ಲದಿದ್ದರೆ ತಮ್ಮ. ಈ ಮನೆಗೆ ಇಬ್ಬರೂ ಇಲ್ಲ. ಕಾಳಪ್ಪ ಬಾಯಿ ತೆರೆದ, ಜಮೇದಾರರು ಕೈ ಅಡ್ಡ ಮಾಡಿದರು. ನಾನು ಬರೆದುಕೊಳ್ಳಲು ಪುಸ್ತಕ ಬಿಚ್ಚಿದೆ. ಆಗ ಹೊಳೆಯಿತು. ಆ ಮನುಷ್ಯನ ಎಲೆಯಲ್ಲಿ ಉಂಡಿದ್ದೆ, ಅವನ ಚೊಂಬಿನಲ್ಲಿ ಕುಡಿದಿದ್ದೆ, ಅವನ ಶೌರ್ಯಕ್ಕೆ ಸಾಕ್ಷಿ ಹುಡುಕಿ ದಿಂಡಿಗಲ್ಲಿಗೆ ಹೋಗಿ ಬಂದಿದ್ದೆ. ಅವನ ಹೆಸರೇನೆಂದು ಒಮ್ಮೆಯೂ ಕೇಳಿರಲಿಲ್ಲ.

ನಮ್ಮ ಕಡೆಯ ಹಾಗೆಯೇ ಅಲ್ಲಿಯೂ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಆಡುವುದಿಲ್ಲ. ಮಲ್ಲಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ತುಟಿ ಆಡಿತು, ದನಿ ಬರಲಿಲ್ಲ. ಯಾರೂ ಅವಸರ ಮಾಡಲಿಲ್ಲ.

“ಬೊಮ್ಮಯ್ಯ,” ಎಂದಳು.

ನಮಗೆಲ್ಲ ಕೇಳಿಸಿತ್ತು. ಆದರೂ ಜಮೇದಾರರು ಬಾಗಿಲಾಚೆ ನಿಂತಿದ್ದ ಜನರ ಕಡೆ ನೋಡಿ, ಇನ್ನೊಂದು ಸಲ ಹೇಳಮ್ಮ ಎಂದರು. ಎರಡನೆಯ ಸಲ ಅವಳು ಹೇಳಿದ್ದು ಬಾವಿಕಟ್ಟೆಯವರೆಗೂ ಕೇಳಿಸಿರಬೇಕು.